ಭೈರವನ ನಾಣ್ಯ, ಆನೆಗೊಂದಿಯ ಸೆರೆ

ಹಿರಿಯ ಕೆಂಪೇಗೌಡನೆಂದರೆ ಜನರಿಗೆ ನೆನಪಾಗುವುದು ನಾಲ್ಕು ದಿಕ್ಕಿಗೆ ಹೊರಟ ನೇಗಿಲ ಎತ್ತುಗಳು, ಎಷ್ಟು ಕಟ್ಟಿದರೂ ನಿಲ್ಲದ ಕೋಟೆ ಬಾಗಿಲು, ಅದಕ್ಕಾಗಿ ಪ್ರಾಣ ಕೊಟ್ಟಳೆಂದು ಹೇಳುವ ಸೊಸೆ ಲಕ್ಷ್ಮಮ್ಮ. ಅವನು ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಾಳಾಗಿದ್ದನೆಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅವನ ಮೇಲಿದ್ದ ಆರೋಪ ದಂಗೆ ಎದ್ದನೆಂಬುದಲ್ಲ, ಕಪ್ಪ ತಪ್ಪಿಸಿದನೆಂಬುದೂ ಅಲ್ಲ. ವಿಜಯನಗರದ ಅಪ್ಪಣೆಯಿಲ್ಲದೆ ನಾಣ್ಯ ಹೊಡೆಸಿದ ಎಂಬುದು.

ಮನೆತನದ ಕಥನಗಳಲ್ಲಿ ಉಳಿದುಬಂದು, ಮುಂದೆ ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲೂ ಸೇರಿದ ವೃತ್ತಾಂತದ ಸಾರ ಇಷ್ಟು. ಯಲಹಂಕದ ಪಾಳೆಯಗಾರನಾದ ಕೆಂಪೇಗೌಡ 1537ರಲ್ಲಿ ಬೆಂಗಳೂರು ಕೋಟೆಯನ್ನೂ ಪೇಟೆಯನ್ನೂ ಕಟ್ಟಿದ. ಅರಸರು ಮೆಚ್ಚಿ 30,000 ವರಹ ಹುಟ್ಟುವಳಿಯ ಹೋಬಳಿಗಳನ್ನು ಬಿಟ್ಟುಕೊಟ್ಟರು. ಆಮೇಲೆ ಅವನು ಸ್ವಂತ ಟಂಕಸಾಲೆ ಇಟ್ಟು ಭೈರವ ನಾಣ್ಯ ಹೊಡೆಸಿದ. ಸುದ್ದಿ ಮುಟ್ಟಿದಾಗ ಅಳಿಯ ರಾಮರಾಯ ಅವನನ್ನು ಕರೆಸಿ ಆನೆಗೊಂದಿಯಲ್ಲಿ ಸೆರೆಗೆ ಹಾಕಿದ. ಅವನ ಸೀಮೆಯನ್ನು ಮುಟ್ಟುಗೋಲು ಹಾಕಿ ಚನ್ನಪಟ್ಟಣದ ಜಗದೇವರಾಯನಿಗೆ ಸೇರಿಸಲಾಯಿತು. ಐದು ವರ್ಷದ ಮೇಲೆ ಭಾರಿ ದಂಡ ತೆತ್ತು ಗೌಡ ಬಿಡುಗಡೆಯಾದ, ಸೀಮೆಯನ್ನೂ ಮರಳಿ ಪಡೆದ.

ತೊಗರಿಬೇಳೆಯಷ್ಟು ಅಗಲದ ಲೋಹದ ಚೂರಿಗೆ ಐದು ವರ್ಷದ ಸೆರೆಯೇ? ಆ ಚೂರಿನ ಮೇಲೆ ಏನಿರುತ್ತಿತ್ತು, ಅದನ್ನು ಯಾರು ಇಡಬಹುದಾಗಿತ್ತು ಎಂಬುದನ್ನು ನೋಡಿದರೆ ಈ ಶಿಕ್ಷೆ ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

ಮೊದಲು ಲೋಹದ ಮಾತು. ಯೂರೋಪಿನಲ್ಲಿ ಮಧ್ಯಯುಗದ ನಾಣ್ಯವೆಂದರೆ ಬಹುಮಟ್ಟಿಗೆ ಬೆಳ್ಳಿಯ ನಾಣ್ಯ. ಇಂಗ್ಲೆಂಡಿನ ಬೆಳ್ಳಿ ಪೆನ್ನಿಯ ಒಂದು ಮಗ್ಗುಲಲ್ಲಿ ಕಿರೀಟ ಧರಿಸಿದ ಅರಸನ ಮುಖ, ಇನ್ನೊಂದರಲ್ಲಿ ಶಿಲುಬೆ. ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವವರ ಕಾಟ ಹೆಚ್ಚಾದಾಗ, 1247ರಲ್ಲಿ ಮೂರನೇ ಹೆನ್ರಿಯ ಕಾಲದಲ್ಲಿ, ಶಿಲುಬೆಯ ನಾಲ್ಕು ತೋಳುಗಳನ್ನೂ ನಾಣ್ಯದ ಅಂಚಿನವರೆಗೆ ಎಳೆದರು. ತೋಳು ಮೊಟಕಾಗಿದ್ದರೆ ನಾಣ್ಯ ಕತ್ತರಿಸಿದ್ದೆಂದು ಕಣ್ಣಿಗೇ ತಿಳಿಯುತ್ತಿತ್ತು. ಅಲ್ಲಿ ದೇವರ ಗುರುತು ಕಾವಲುಗಾರನ ಕೆಲಸವನ್ನೂ ಮಾಡಿತು!

ನಮ್ಮ ಕಡೆ ಬೆಳ್ಳಿ ಹಿಂದೆ, ಚಿನ್ನ ಮುಂದೆ. ಕನ್ನಡ ನೆಲದಲ್ಲಿ ಚಿನ್ನ ಸಿಗುತ್ತಿತ್ತು, ಬೆಳ್ಳಿ ಬಹುಪಾಲು ಕಡಲು ದಾಟಿ ಬರಬೇಕಾಗಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ಹಣದ ಲೆಕ್ಕವನ್ನು ಚೊಕ್ಕವಾಗಿ ಬರೆದಿಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಹಣ, ಹಣದ ಆರರಲ್ಲೊಂದು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ತಾಮ್ರದ ಜೀತಲ. ಬೆಳ್ಳಿಯದು ಚಿಲ್ಲರೆಯ ಸ್ಥಾನ ಮಾತ್ರ ಎಂಬುದು ಇದರಿಂದ ಸ್ಪಷ್ಟ. ಇವುಗಳಲ್ಲೆಲ್ಲ ಹಣವೇ ಹೆಚ್ಚು ಉಪಯೋಗದ್ದು ಎಂದೂ ಅವನು ಹೇಳುತ್ತಾನೆ. ವರಹದ ತೂಕ ಸುಮಾರು 3.4 ಗ್ರಾಂ. ಹಣ ಅರ್ಧ ಗ್ರಾಮಿಗೂ ಕಡಿಮೆ. ಅಂಗೈಯಲ್ಲಿಟ್ಟುಕೊಂಡು ಜೋರಾಗಿ ಉಸಿರು ಬಿಟ್ಟರೆ ಹಾರಿಹೋದೀತು ಅನ್ನಿಸುವಂಥದು. ಇಂದು ನಾವು ದುಡ್ಡಿಗೆಲ್ಲ ಹಣ ಎನ್ನುತ್ತೇವಲ್ಲ, ಅದು ಈ ಪುಟ್ಟ ನಾಣ್ಯದ ಹೆಸರು.

ಆದರೆ ತಯಾರಿಸುವ ಬಗೆ ಎರಡೂ ಕಡೆ ಒಂದೇ. ಲೋಹವನ್ನು ತೂಗಿ ಬಿಲ್ಲೆ ಮಾಡುವುದು. ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ಭದ್ರವಾಗಿ ಕೂರಿಸಿ, ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಒಂದೇ ಪೆಟ್ಟಿಗೆ ಎರಡು ಮಗ್ಗುಲಿನ ಚಿತ್ರವೂ ಮೂಡಬೇಕು. ಕೈ ಒಂದಿಷ್ಟು ಸರಿದರೆ ದೇವರ ತಲೆ ಬಿಲ್ಲೆಯಿಂದಾಚೆಗೆ ಹೋಗುತ್ತದೆ, ಅಕ್ಷರಗಳು ಅರ್ಧಕ್ಕೇ ನಿಲ್ಲುತ್ತವೆ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಪೂರ್ಣ ಚಿತ್ರ ಬಿದ್ದ ನಾಣ್ಯಗಳು ಅಪರೂಪ. ವಸ್ತುಸಂಗ್ರಹಾಲಯಗಳಲ್ಲಿ ನೋಡುಗರು 'ಸವೆದುಹೋಗಿದೆ' ಎಂದು ಮುಂದೆ ಹೋಗುವ ಎಷ್ಟೋ ನಾಣ್ಯಗಳು ಸವೆದವಲ್ಲ, ಹುಟ್ಟಿದಾಗಲೇ ಹಾಗಿದ್ದವು. ಅಚ್ಚಿಗೆ ಬೇಕಾದದ್ದು ಗಟ್ಟಿ ಉಕ್ಕು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಆಸುಪಾಸಿನ ಕಬ್ಬಿಣದ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಕಂಡು ವಿವರವಾಗಿ ಬರೆದಿದ್ದಾನೆ. ಉಕ್ಕಿನ ಕೆಲಸ ಬಲ್ಲವರಿಗೆ ಇಲ್ಲಿ ಕೊರತೆ ಇರಲಿಲ್ಲವೆಂದಾಯಿತು.

ನಾಣ್ಯ ಹೊಡೆಯುವ ಜಾಗಕ್ಕೆ ಹಳೆಗನ್ನಡದಲ್ಲಿ ಕಮ್ಮಟ ಎಂದು ಹೆಸರು. ಈಗ ಕಥಾ ಕಮ್ಮಟ, ಕಾವ್ಯ ಕಮ್ಮಟ ಎಂದು ಹೊಸ ಬರಹಗಾರರನ್ನು ಕೂಡಿಸುವವರು ಈ ಪದದಲ್ಲಿ ಸುತ್ತಿಗೆಯ ಸದ್ದು ಇರುವುದನ್ನು ಗಮನಿಸಿದಂತಿಲ್ಲ. ಹಾಗೆಯೇ ನಂಬಿಕೆಗೆ ಅರ್ಹನಾದವನನ್ನು ನಾಣ್ಯಸ್ಥ ಎನ್ನುತ್ತೇವೆ. ಚಿನ್ನ ಬೆಳ್ಳಿ ಧಾರಣೆಯ ಅಂಕಣಕ್ಕೆ ಪತ್ರಿಕೆಗಳು ಇಡುವ 'ಚಿನಿವಾರ ಪೇಟೆ' ಎಂಬ ಶೀರ್ಷಿಕೆಯಲ್ಲಿರುವ ಚಿನಿವಾರ ಬೇರಾರೂ ಅಲ್ಲ. ನಾಣ್ಯವನ್ನು ಒರೆಗೆ ಹಚ್ಚಿ, ತೂಗಿ, ಒಂದು ಸೀಮೆಯದಕ್ಕೆ ಇನ್ನೊಂದು ಸೀಮೆಯದನ್ನು ಬದಲಿಸಿ ಕೊಡುತ್ತಿದ್ದವನು.

ಇನ್ನು ಚಿತ್ರದ ಮಾತು. ನಮ್ಮ ಅರಸರು ಮಧ್ಯಯುಗದಲ್ಲಿ ನಾಣ್ಯದ ಮೇಲೆ ತಮ್ಮ ಮುಖವನ್ನು ಇಟ್ಟುಕೊಳ್ಳಲಿಲ್ಲ. ಲಾಂಛನವನ್ನೋ ದೇವರನ್ನೋ ಇಟ್ಟರು. ಚಾಲುಕ್ಯರ ಲಾಂಛನ ವರಾಹ, ಅದರಿಂದ ಚಿನ್ನದ ನಾಣ್ಯಕ್ಕೇ ವರಹವೆಂಬ ಹೆಸರು ನಿಂತಿತು. ಗಂಗರ ಲಾಂಛನ ಆನೆ. ಹೊಯ್ಸಳರದು ಸಿಂಹ. ಕನಕಪುರದ ನೈಋತ್ಯಕ್ಕೆ, ಕಾವೇರಿಯ ದಡದಲ್ಲಿರುವ ತಲಕಾಡನ್ನು 1116ರ ಹೊತ್ತಿಗೆ ಚೋಳರಿಂದ ಗೆದ್ದ ವಿಷ್ಣುವರ್ಧನ, ಒಂದು ಮಗ್ಗುಲಲ್ಲಿ ಸಿಂಹವನ್ನೂ ಇನ್ನೊಂದರಲ್ಲಿ 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಬರಹವನ್ನೂ ಹೊಡೆಸಿದ. ಗೆದ್ದವನ ಹೆಸರೇ ಅದರಲ್ಲಿಲ್ಲ, ಗೆಲುವಿನ ಹೆಸರಿದೆ. ಪತ್ರಿಕೆಯಿಲ್ಲದ ಕಾಲದಲ್ಲಿ ಸಂತೆಯಿಂದ ಸಂತೆಗೆ ಸುದ್ದಿ ಒಯ್ಯಲು ಇದಕ್ಕಿಂತ ಒಳ್ಳೆಯ ಉಪಾಯ ಯಾವುದಿತ್ತು?

ವಿಜಯನಗರದ ರಾಜಮುದ್ರೆಯಲ್ಲಿ ವರಾಹವಿದ್ದರೂ ನಾಣ್ಯದಲ್ಲಿ ದೇವರುಗಳ ಸಾಲೇ ಇದೆ. ಮೊದಲ ಹರಿಹರ, ಬುಕ್ಕರ ನಾಣ್ಯಗಳಲ್ಲಿ ಹನುಮಂತ, ಗರುಡ. ಇಮ್ಮಡಿ ಹರಿಹರನ ಕಾಲಕ್ಕೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣರಂಥ ದಂಪತಿಗಳು. ಇಮ್ಮಡಿ ದೇವರಾಯನ ನಾಣ್ಯದಲ್ಲಿ ಆನೆ. ಅಚ್ಯುತರಾಯನಲ್ಲಿ ಕೊಕ್ಕು ಉಗುರುಗಳಲ್ಲಿ ಆನೆಗಳನ್ನು ಹಿಡಿದು ಹಾರುವ ಗಂಡಭೇರುಂಡ. ಇಂದು ರಾಜ್ಯ ಸರ್ಕಾರದ ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿ ಕಿಸೆಯಿಂದ ಕಿಸೆಗೆ ಹಾರಿದ್ದು ಆ ನಾಣ್ಯಗಳಲ್ಲಿ.

ಕೃಷ್ಣದೇವರಾಯನದು ಇನ್ನೂ ಸ್ವಾರಸ್ಯದ ಸಂಗತಿ. ಅವನು ಉದಯಗಿರಿಯ ಕೋಟೆ ಗೆದ್ದು ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದ. ಅವನ ನಾಣ್ಯದಲ್ಲಿ ಒಂದು ಮೊಣಕಾಲೆತ್ತಿ, ಕೈಯಲ್ಲಿ ಬೆಣ್ಣೆ ಹಿಡಿದು ಕುಳಿತ ಬಾಲಕೃಷ್ಣನಿದ್ದಾನೆ. ಚನ್ನಪಟ್ಟಣದ ದೊಡ್ಡಮಳೂರಿನಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನನ್ನು ನೋಡಿದವರಿಗೆ ಆ ನಾಣ್ಯದ ಕೃಷ್ಣ ಗುರುತು ಹಚ್ಚಲು ಕಷ್ಟವಾಗದು. ಮಳೂರಿನವನು ತೆವಳುತ್ತಾನೆ, ನಾಣ್ಯದವನು ಕುಳಿತಿದ್ದಾನೆ, ವ್ಯತ್ಯಾಸ ಅಷ್ಟೇ. 1520ರ ಸುಮಾರಿಗೆ ಹಂಪಿಯಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಸೂಕ್ಷ್ಮವಾಗಿ ಗಮನಿಸಿದ್ದ. ನಾಣ್ಯದ ಒಂದು ಕಡೆ ಎರಡು ಮೂರ್ತಿಗಳು, ಇನ್ನೊಂದು ಕಡೆ ಹೊಡೆಸಿದ ಅರಸನ ಹೆಸರು ಇರುತ್ತದೆ, ಈಗಿನ ಅರಸನ ನಾಣ್ಯದಲ್ಲಿ ಮಾತ್ರ ಒಂದೇ ಮೂರ್ತಿ ಎಂದು ಅವನು ಬರೆದಿದ್ದಾನೆ. ಪಾಯೆಸ್‌ಗೆ ಆ ಮೂರ್ತಿ ಯಾವ ದೇವರೆಂದು ಗೊತ್ತಿರಬೇಕಾದ್ದಿಲ್ಲ. ಮೂರ್ತಿ ಬದಲಾದರೆ ಅರಸ ಬದಲಾದ ಎಂಬುದಂತೂ ಗೊತ್ತಾಗಿತ್ತು.

ಕೆಂಪೇಗೌಡನ ಪ್ರಕರಣದ ಬೀಗದ ಕೈ ಇಲ್ಲಿದೆ. ನಾಣ್ಯದ ಮೇಲಿನ ದೇವರು ಬರಿಯ ಭಕ್ತಿಯ ವಿಷಯವಲ್ಲ. ಇಂಥ ದೇವರ ಒಕ್ಕಲು ನಾನು, ನನ್ನ ಆಳ್ವಿಕೆಗೆ ಅವನು ಸಾಕ್ಷಿ, ಈ ಚಿನ್ನದ ತೂಕಕ್ಕೂ ಬಣ್ಣಕ್ಕೂ ನಾನು ಹೊಣೆ ಎಂಬ ಮೂರು ಮಾತುಗಳನ್ನು ಅದು ಒಟ್ಟಿಗೆ ಹೇಳುತ್ತದೆ. ಭೈರವ ಯಾರ ದೇವರು? ಮೊರಸು ಒಕ್ಕಲಿಗರ ಆರಾಧ್ಯ ದೈವ. ಈ ವಂಶದ ಮೂಲಪುರುಷನೆಂದು ಹೇಳುವ, ಆವತಿಗೆ ಬಂದು ನೆಲೆಸಿದ ರಣಭೈರೇಗೌಡನ ಹೆಸರಿನಲ್ಲೇ ಅವನಿದ್ದಾನೆ. ಮಾಗಡಿ ತಾಲ್ಲೂಕಿನ ಕುದೂರಿನ ಬಳಿ, ಕೆಂಪೇಗೌಡರ ಕೋಟೆಗಳಲ್ಲಿ ಒಂದಾದ ಬೆಟ್ಟಕ್ಕೆ ಭೈರವನ ದುರ್ಗವೆಂದೇ ಹೆಸರು. ಈ ದೈವಕ್ಕಾಗಿ ಮದುವೆಯಾದ ಹೆಣ್ಣುಮಕ್ಕಳ ಬೆರಳು ಕತ್ತರಿಸುತ್ತಿದ್ದ ಪದ್ಧತಿಯನ್ನು ನಿಲ್ಲಿಸಿದವನು ಹಿರಿಯ ಕೆಂಪೇಗೌಡನೇ ಎಂದು ಪರಂಪರೆ ಹೇಳುತ್ತದೆ. ಹಂಪಿಯ ಅರಸರ ದೇವರನ್ನು ಅಚ್ಚಿನಲ್ಲಿ ನಕಲು ಮಾಡಿದ್ದರೆ ಅದು ಖೋಟಾ ನಾಣ್ಯವಾಗುತ್ತಿತ್ತು, ಕಳ್ಳತನದ ಲೆಕ್ಕಕ್ಕೆ ಸೇರುತ್ತಿತ್ತು. ತನ್ನ ಕುಲದ ದೇವರನ್ನು ಇಟ್ಟಿದ್ದರಿಂದ ಅದು ರಾಜತನದ ಲೆಕ್ಕಕ್ಕೆ ಸೇರಿತು. ಎರಡನೆಯದು ಹೆಚ್ಚಿನ ಅಪರಾಧ.

ಗೌಡನ ಮನಸ್ಸಿನಲ್ಲಿ ನಿಜವಾಗಿ ರಾಜತನದ ಹಂಬಲವಿತ್ತೇ? ನನಗೆ ಅನುಮಾನ. ಹೊಸದಾಗಿ ಪೇಟೆ ಕಟ್ಟಿದವನಿಗೆ ಮೊದಲು ಕಾಡುವುದು ಚಿಲ್ಲರೆಯ ಕೊರತೆ. ಅಕ್ಕಿಪೇಟೆ, ಅರಳೆಪೇಟೆ, ರಾಗಿಪೇಟೆಗಳಲ್ಲಿ ವ್ಯಾಪಾರ ಕುದುರಬೇಕಾದರೆ ಕೈಯಿಂದ ಕೈಗೆ ಹೋಗುವ ಸಣ್ಣ ನಾಣ್ಯ ಹೇರಳವಾಗಿರಬೇಕು. ಪೇಟೆಗೆ ಕೆರೆ ತೋಡಿಸಿದಂತೆಯೇ ಅವನು ನಾಣ್ಯವನ್ನೂ ಒದಗಿಸಲು ಹೊರಟಿರಬಹುದು. ಆದರೆ ಕೆರೆಯ ಮೇಲೆ ಯಾರೂ ಮುದ್ರೆ ಒತ್ತುವುದಿಲ್ಲ. ನಾಣ್ಯವನ್ನು ಓದುವವರು ಅದರ ಹಿಂದಿನ ಉದ್ದೇಶವನ್ನು ಓದುವುದಿಲ್ಲ, ಚಿತ್ರವನ್ನು ಓದುತ್ತಾರೆ.

ಈ ವೃತ್ತಾಂತದಲ್ಲಿ ಒಂದು ತೊಡಕಿದೆ ಎಂಬುದನ್ನೂ ಹೇಳಬೇಕು. ರಾಮರಾಯ ಸತ್ತದ್ದು 1565ರ ಜನವರಿಯಲ್ಲಿ, ತಾಳಿಕೋಟೆಯ ಕದನದಲ್ಲಿ. ಕೆಂಪೇಗೌಡ ತೀರಿಕೊಂಡದ್ದು 1569ರಲ್ಲಿ ಎನ್ನುತ್ತಾರೆ. ಜಗದೇವರಾಯನಾದರೋ 1577ರಲ್ಲಿ ಪೆನುಗೊಂಡೆಯನ್ನು ಬಿಜಾಪುರದ ಸೈನ್ಯದಿಂದ ಕಾಪಾಡಿದ್ದಕ್ಕಾಗಿ ಬಾರಾಮಹಲಿನಿಂದ ಈ ಕಡೆಗಿನ ದೊಡ್ಡ ಸೀಮೆಯನ್ನು ಪಡೆದು, ಆಮೇಲೆ ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡವನು. ಹಾಗಾದರೆ 'ಚನ್ನಪಟ್ಟಣದ ಜಗದೇವರಾಯ'ನಿಗೆ ರಾಮರಾಯ ಗೌಡನ ಸೀಮೆ ಕೊಟ್ಟದ್ದು ಹೇಗೆ? ವರ್ಷಗಳು ಕೂಡುವುದಿಲ್ಲ. ಮುಂದೆ ಮಾಗಡಿಯವರಿಗೂ ಚನ್ನಪಟ್ಟಣದವರಿಗೂ ನೆರೆಹೊರೆಯ ಪಾಳೆಯಗಾರರ ಸಹಜ ಪೈಪೋಟಿ ಇದ್ದಿರಬೇಕು. ಕಥೆ ಹೇಳುವವರು ತಮ್ಮ ಕಾಲದ ಎದುರಾಳಿಯನ್ನು ಹಿಂದಿನ ಕಾಲಕ್ಕೆ ತಳ್ಳಿದಂತೆ ತೋರುತ್ತದೆ. ಆದರೂ ಕಥೆಯ ತಿರುಳನ್ನು ತಳ್ಳಿಹಾಕಬೇಕಾಗಿಲ್ಲ. ತಮ್ಮ ಮೂಲಪುರುಷ ಸೆರೆಯಲ್ಲಿದ್ದ ಎಂಬುದನ್ನು ಯಾವ ಮನೆತನವೂ ಸುಮ್ಮನೆ ಹೊಸೆದು ಹೇಳಿಕೊಳ್ಳುವುದಿಲ್ಲ. ಅವನು ನಾಣ್ಯಕ್ಕಾಗಿ ಸೆರೆ ಹೋದ ಎಂದರೆ ಅದರಲ್ಲೊಂದು ಹೆಮ್ಮೆಯೂ ಇದೆಯೆನ್ನಿ.

ವಿಧಿಯ ಆಟ ನೋಡಿ. ಗೌಡನನ್ನು ಸೆರೆಗೆ ನೂಕಿದ ಅಪರಾಧ ತಾಳಿಕೋಟೆಯ ನಂತರ ಎಲ್ಲರ ದಿನಚರಿಯಾಯಿತು. 1567ರಲ್ಲಿ ಹಂಪಿಯಿಂದ ಗೋವೆಗೆ ಪ್ರಯಾಣ ಮಾಡಿದ ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿ, ದಾರಿಯುದ್ದಕ್ಕೂ ಒಬ್ಬೊಬ್ಬ ಅಧಿಕಾರಿಯ ಸೀಮೆಯಲ್ಲಿ ಒಂದೊಂದು ನಾಣ್ಯವಿದ್ದು, ಇವತ್ತು ಪಡೆದದ್ದು ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲವೆಂದು ಗೊಣಗಿದ್ದಾನೆ. ಚಿನಿವಾರರಿಗೆ ಸುಗ್ಗಿ, ದಾರಿಹೋಕರಿಗೆ ಸಂಕಟ. ಟಂಕಸಾಲೆಯನ್ನು ಅರಸ ತನ್ನ ಕೈಯಲ್ಲೇ ಇಟ್ಟುಕೊಳ್ಳಲು ಹವಣಿಸಿದ್ದರಲ್ಲಿ ಬರಿಯ ಅಹಂಕಾರವಿರಲಿಲ್ಲವೆಂಬುದಕ್ಕೆ ಫೆಡೆರಿಚಿಯ ಗೊಣಗಾಟವೇ ಸಾಕ್ಷಿ.

ಪೆನುಗೊಂಡೆಗೆ ಸರಿದ ತಿರುಮಲರಾಯನ ನಾಣ್ಯಗಳಲ್ಲಿ ರಾಮ, ಸೀತೆ, ಲಕ್ಷ್ಮಣರು ಬಂದರು. ರಾಮನ ಚಿತ್ರದ ಮಾತು ಬಂದಾಗ ರಾಮಟಂಕಿಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಪಟ್ಟಾಭಿಷೇಕದ ದೃಶ್ಯವಿರುವ, ಚಿನ್ನದ್ದೋ ಬೆಳ್ಳಿಯದೋ ಹೆಚ್ಚಾಗಿ ನೀರು ಕೊಟ್ಟದ್ದೋ ಆದ ಈ ಬಿಲ್ಲೆಗಳು ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿವೆ. ರಾಮನಗರದ ರಾಮದೇವರ ಬೆಟ್ಟದ ಸುತ್ತಲಂತೂ ರಾಮನ ಕಾಲದ ನಾಣ್ಯವೆಂದರೆ ನಂಬುವವರಿಗೆ ಬರವಿರದು. ಅವು ಪೂಜೆಗೆಂದು ಮಾಡಿದ ಬಿಲ್ಲೆಗಳು, ಸಂತೆಯಲ್ಲಿ ನಡೆದ ನಾಣ್ಯಗಳಲ್ಲ. ಬಹುಪಾಲು ಕಳೆದ ಎರಡು ಮೂರು ಶತಮಾನಗಳವು. ಪೂಜೆ ಮಾಡುವವರು ಮಾಡಲಿ. ಲಕ್ಷಗಟ್ಟಲೆ ಬೆಲೆಯೆಂದು ಹೇಳಿ ಮಾರಲು ಬರುವವರಿಂದ ಮಾತ್ರ ದೂರವಿರುವುದು ಲೇಸು.

ಮತ್ತೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಚನ್ನಪಟ್ಟಣವನ್ನು ಗೆದ್ದರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಇಮ್ಮಡಿ ಕೆಂಪೇಗೌಡ ಮಾಗಡಿಗೆ ಬಂದು ನೆಲೆಸಿದ. ಅದೇ 1638ರಲ್ಲಿ ಶ್ರೀರಂಗಪಟ್ಟಣದ ಗದ್ದುಗೆ ಏರಿದ ಕಂಠೀರವ ನರಸರಾಜ ಒಡೆಯರು ತಮ್ಮ ವಂಶದಲ್ಲಿ ಮೊದಲಿಗೆ ಟಂಕಸಾಲೆ ಸ್ಥಾಪಿಸಿದರು. ಅವರ ಹಣದ ಮೇಲೆ ನರಸಿಂಹ. ಅರಸನ ಹೆಸರೂ ನರಸ, ಬಿರುದೂ ಸಿಂಹದ ಕೊರಳು, ನಾಣ್ಯದ ದೇವರೂ ನರಸಿಂಹ! ಹೆಸರನ್ನೇ ಚಿತ್ರವಾಗಿಸಿದ ಈ ಜಾಣತನ ಯೂರೋಪಿನ ಲಾಂಛನ ಬರೆಯುವವರಿಗೂ ಮೆಚ್ಚಿಕೆಯಾಗುತ್ತಿತ್ತು. ವಿಜಯನಗರದ ಅರಸರು ಇನ್ನೂ ಹೆಸರಿಗೆ ಉಳಿದಿದ್ದರು, ಕೇಳುವ ಬಲವಿರಲಿಲ್ಲ. ಕೆಂಪೇಗೌಡ ಮಾಡಿ ಸೆರೆ ಹೋದದ್ದನ್ನು ಕಂಠೀರವರು ಮಾಡಿ ದೊರೆಯೆನಿಸಿದರು.

1728ರಲ್ಲಿ ಮೈಸೂರಿನ ಸೈನ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಸಾವನದುರ್ಗದ ತಪ್ಪಲಿನಲ್ಲಿ ವೀರಭದ್ರನ ಗುಡಿಯೂ ಇದೆ, ನರಸಿಂಹನ ಗುಡಿಯೂ ಇದೆ. ಮಾಗಡಿಯ ಸಂತೆಯಲ್ಲಿ ಮಾತ್ರ ಇನ್ನು ಮುಂದೆ ನರಸಿಂಹನದೇ ಚಲಾವಣೆ. ಕಂಠೀರಾಯಿ ಹಣ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಹೊಡೆಸಿದ ಅರಸ 1659ರಲ್ಲಿ ತೀರಿಕೊಂಡು ಒಂದೂವರೆ ಶತಮಾನ ಕಳೆದರೂ, ದಿವಾನ್ ಪೂರ್ಣಯ್ಯನವರ ಕಾಲದ ಲೆಕ್ಕಪತ್ರಗಳು ಕಂಠೀರಾಯಿ ವರಹ, ಹಣಗಳಲ್ಲೇ ನಡೆದವು. ಕಂಠೀರಾಯಿ ವರಹವೆಂಬುದು ನಾಣ್ಯವೇ ಅಲ್ಲ, ಹತ್ತು ಹಣ ಸೇರಿದರೆ ಒಂದು ವರಹವೆಂದು ಶಾನುಭೋಗರು ಬರೆದುಕೊಳ್ಳುತ್ತಿದ್ದ ಲೆಕ್ಕ ಮಾತ್ರ.

ಚಿತ್ರವನ್ನು ಕಂಡು ನಂಬುವ ಜನರ ಈ ಅಭ್ಯಾಸವನ್ನು ಹೈದರಾಲಿಯಷ್ಟು ಚೆನ್ನಾಗಿ ಅರಿತವರಿಲ್ಲ. 1763ರಲ್ಲಿ ಬಿದನೂರನ್ನು ಗೆದ್ದಾಗ ಇಕ್ಕೇರಿ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಅವನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಹೊಡೆಸಿದ, ಅಷ್ಟೇ. ಟಿಪ್ಪು ಮೂರ್ತಿಗಳನ್ನು ಕೈಬಿಟ್ಟ, ಆದರೆ ತಾಮ್ರದ ಕಾಸಿನಲ್ಲಿ ಗಂಗರ ಕಾಲದಿಂದ ಬಂದ ಆನೆ ಹಾಗೇ ಉಳಿಯಿತು. ಬೆಳ್ಳಿ ನಮ್ಮ ಸೀಮೆಯಲ್ಲಿ ದೊಡ್ಡ ನಾಣ್ಯವಾಗಿ ತಲೆಯೆತ್ತಿದ್ದೂ ಟಿಪ್ಪುವಿನ ಕಾಲದಲ್ಲೇ. ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ, ಅದರ ಕೆಳಗೆ ಅಬಿದಿ, ಬಾಕಿರಿ ಹೀಗೆ ಸಾಲು ಸಾಲು ಹೆಸರುಗಳು. ಚಿತ್ರವಿಲ್ಲ, ಪರ್ಷಿಯನ್ ಬರಹ ಮಾತ್ರ. ಧರ್ಮ ಆಗಲೂ ನಾಣ್ಯವನ್ನು ಬಿಟ್ಟಿರಲಿಲ್ಲ, ಮೂರ್ತಿಯಿಂದ ಹೆಸರಿಗೆ ಸರಿದಿತ್ತು. ಇಮಾಮರ ಹೆಸರುಗಳೇ ರೂಪಾಯಿ, ಪಾವಲಿಗಳ ಹೆಸರಾದವು.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ದಂಡು ಕನಕಪುರದ ದಾರಿಯಲ್ಲಿ, ಅಂದಿನ ಕಾನಕಾನಹಳ್ಳಿಯ ಮೂಲಕ, ಶ್ರೀರಂಗಪಟ್ಟಣದತ್ತ ಸಾಗಿತು. ಶತ್ರುವಿಗೆ ಮೇವು ಕಾಳು ಸಿಗಬಾರದೆಂದು ಟಿಪ್ಪುವಿನ ಕಡೆಯವರು ದಾರಿಯ ಹಳ್ಳಿಗಳನ್ನು ಬರಿದು ಮಾಡಿದ್ದರು. ಡಿಸೆಂಬರಿನಲ್ಲಿ ಸಾವನದುರ್ಗ ಬಿತ್ತು, ರಾಮಗಿರಿಯೂ ಕೈಬಿಟ್ಟಿತು. ಇಂಥ ದಿನಗಳಲ್ಲಿ ಊರು ಬಿಡುವವರು ಮಾಡುವ ಕೆಲಸ ಎಲ್ಲ ಕಾಲಕ್ಕೂ ಒಂದೇ. ಗಡಿಗೆಗೆ ನಾಣ್ಯ ತುಂಬಿ ನೆಲದಲ್ಲಿ ಹೂಳುವುದು. ಹೂತವರೆಲ್ಲ ಮರಳಿ ಬರುತ್ತಿರಲಿಲ್ಲ.

ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಟಂಕಸಾಲೆ ಕೆಲವು ದಶಕ ನಡೆಯಿತು. ಬೆಳ್ಳಿ ರೂಪಾಯಿಯ ಮೇಲೆ ದೆಹಲಿಯ ಷಾ ಆಲಂನ ಹೆಸರು, ತಾಮ್ರದ ಮೇಲೆ ಅದೇ ಆನೆ. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಅಷ್ಟರಲ್ಲಿ ಕಂಪನಿಯ ಯಂತ್ರದ ರೂಪಾಯಿ ಬಂದಾಗಿತ್ತು. 1835ರಲ್ಲಿ ನಾಲ್ಕನೇ ವಿಲಿಯಂ, 1840ರಿಂದ ವಿಕ್ಟೋರಿಯಾ. ದೇವರಿದ್ದ ಜಾಗದಲ್ಲಿ ಆಳುವವರ ಮುಖ ಬಂದು ಕೂತಿತು. ಎಲ್ಲವೂ ಒಂದೇ ದುಂಡಗೆ, ಒಂದೇ ಅಂಚು, ಅಚ್ಚು ಸರಿದ ನಾಣ್ಯ ಹುಡುಕಿದರೂ ಸಿಗದು.

ಹಳೆಯ ಹಣಗಳ ಗತಿಯೇನಾಯಿತು? ಕೆಲವು ಹೆಂಗಸರ ಸರದಲ್ಲಿ ಪೋಣಿಸಿಕೊಂಡವು, ಕೆಲವು ಮುಡಿಪಾಗಿ ದೇವರ ಹುಂಡಿ ಸೇರಿದವು, ಬಹುಪಾಲು ಅಕ್ಕಸಾಲಿಗನ ಮೂಸೆಗೆ ಬಿದ್ದವು. ನೆಲದಲ್ಲಿ ಉಳಿದವು ಪಾಯ ತೋಡುವಾಗ, ಹೊಲ ಉಳುವಾಗ ಆಗಾಗ ಮೇಲೆ ಬರುತ್ತವೆ. ಹಾಗೆ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯಿದೆ ಹೇಳುತ್ತದೆ. ಸಿಕ್ಕವರು ಹೆದರಿ, ಇಲ್ಲವೆ ಆಸೆಪಟ್ಟು, ರಾತ್ರೋರಾತ್ರಿ ಕರಗಿಸಿಬಿಡುತ್ತಾರೆ. ಕರಗಿದ ಹಣದಿಂದ ಸಿಗುವುದು ಅರ್ಧ ಗ್ರಾಮಿಗೂ ಕಡಿಮೆ ಮಟ್ಟ ಚಿನ್ನ. ಯಾರ ಸೀಮೆ, ಯಾರ ದೇವರು, ಎಲ್ಲಿಂದ ಎಲ್ಲಿಗೆ ಬಂದಿತ್ತು ಎಂಬುದೆಲ್ಲ ಹೊಗೆ. ಬೆಂಗಳೂರಿನಿಂದ ಮಾಗಡಿಯವರೆಗಿನ ನೆಲದಲ್ಲಿ ಹೀಗೆ ಮೂಸೆ ಸೇರಿದವುಗಳಲ್ಲಿ ಭೈರವನ ಹಣ ಎಷ್ಟಿದ್ದವೋ.